ಸ್ಟ್ರೆಂಗ್ತ್ 85, ಚಿತ್ರ ಮಾತ್ರ ಚೂರುಚೂರು: 60 ಸೆಂ.ಮೀ. ಡಿಶ್ ರಿಪೇರಿಯ ದಾಖಲೆ

ದೂರು ಇಷ್ಟು. ಎಚ್‌ಡಿ ಚಾನೆಲ್‌ಗಳಲ್ಲಿ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ, ದನಿ ಕಡಿದು ಕಡಿದು ಬರುತ್ತದೆ. ತುಂತುರು ಹನಿ ಬಿದ್ದರೆ ಸಾಕು, ಕೆಲವು ಚಾನೆಲ್‌ಗಳು ಪೂರ್ತಿ ಮಾಯವಾಗುತ್ತವೆ. ಗಾಳಿ ಜೋರಾದಾಗ ಎಸ್‌ಡಿ ಚಾನೆಲ್‌ಗಳೂ ಕ್ಷಣಕಾಲ ಕಪ್ಪಾಗಿ ಮತ್ತೆ ಬರುತ್ತವೆ. ಬಾಕ್ಸ್‌ನ ಮೆನು ತೆರೆದರೆ ಸಿಗ್ನಲ್ ಸ್ಟ್ರೆಂಗ್ತ್ 85 ಎಂದು ತೋರಿಸುತ್ತದೆ.

ಸಾಮಾನು: 60 ಸೆಂ.ಮೀ. ಆಫ್‌ಸೆಟ್ ಡಿಶ್, ಲೀನಿಯರ್ ಪೋಲರೈಸೇಶನ್‌ನ (ಅಲೆ ನೆಟ್ಟಗೆ ಇಲ್ಲವೇ ಅಡ್ಡಲಾಗಿ ಕಂಪಿಸುವ ಬಗೆ) ಯೂನಿವರ್ಸಲ್ ಎಲ್‌ಎನ್‌ಬಿ (ಡಿಶ್ ಮುಂದೆ ಕೂತು ಸಿಗ್ನಲ್ ಹಿಡಿದು ಹಿಗ್ಗಿಸಿ ಕೇಬಲ್ಲಿಗೆ ಕಳಿಸುವ ಭಾಗ), ಸುಮಾರು 28 ಮೀಟರ್ ಆರ್‌ಜಿ-6 ಕೇಬಲ್. ಕೇಬಲ್ಲಿನ ನಡುವೆ ಹೊರಗೋಡೆಯ ಮೇಲೆ ಒಂದು ಜೋಡಣೆ, ಒಳಗೆ ಗೋಡೆಯ ಸಾಕೆಟ್, ಅಲ್ಲಿಂದ ಬಾಕ್ಸ್‌ಗೆ ಗಿಡ್ಡ ಕೇಬಲ್.

ಬೇಕಾದ ಉಪಕರಣ ಹೆಚ್ಚಿಲ್ಲ: ಮಲ್ಟಿಮೀಟರ್, 10, 11 ಮತ್ತು 13ರ ಸ್ಪ್ಯಾನರ್, ರಸಮಟ್ಟ, ಕೇಬಲ್ ಸುಲಿಯುವ ಸಾಧನ, ಕಂಪ್ರೆಶನ್ ಕನೆಕ್ಟರ್ ಒತ್ತುವ ಇಕ್ಕಳ, ತೆಳು ನೈಲಾನ್ ದಾರ, ಮಾರ್ಕರ್ ಪೆನ್ನು, ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪು. ಮೇಲಕ್ಕೆ ಒಯ್ಯಲು ಒಂದು ಪುಟ್ಟ ಟಿ.ವಿ. ಇದ್ದರೆ ಅರ್ಧ ಕೆಲಸ ಹಗುರ. ಬೀಪ್ ಅನ್ನುವ ಅಗ್ಗದ ಸ್ಯಾಟ್ ಫೈಂಡರ್ ಇಲ್ಲದಿದ್ದರೂ ನಡೆಯುತ್ತದೆ. ಅದು ಎದುರಿಗಿರುವ ಯಾವ ಉಪಗ್ರಹಕ್ಕೂ ಕೂಗುತ್ತದೆ, ಬೇಕಾದ ಉಪಗ್ರಹ ಯಾವುದು ಎಂದು ಹೇಳುವುದಿಲ್ಲ.

ಹಂತ 1: ಏನನ್ನೂ ಮುಟ್ಟುವ ಮೊದಲು ಅಳತೆ

ಬಾಕ್ಸ್ ಎರಡು ಸಂಖ್ಯೆ ತೋರಿಸುತ್ತದೆ. ಸ್ಟ್ರೆಂಗ್ತ್ ಅಂದರೆ ಕೇಬಲ್ಲಿನಲ್ಲಿ ಬರುತ್ತಿರುವ ಒಟ್ಟು ಶಕ್ತಿ. ಅದರಲ್ಲಿ ಎಲ್‌ಎನ್‌ಬಿಯ ಸ್ವಂತ ಗದ್ದಲವೂ ಸೇರಿರುತ್ತದೆ, ಪಕ್ಕದ ಉಪಗ್ರಹದ್ದೂ ಸೇರಿರುತ್ತದೆ. ಡಿಶ್ಶನ್ನು ಬರಿ ಆಕಾಶಕ್ಕೆ ತಿರುಗಿಸಿದರೂ ಅದು 60-70 ತೋರಿಸಬಹುದು. ಚಿತ್ರ ನಿಂತಿರುವುದು ಕ್ವಾಲಿಟಿಯ ಮೇಲೆ. ಈ ದಾಖಲೆಯಲ್ಲಿ ಬರೆದಿರುವುದೆಲ್ಲ ಕ್ವಾಲಿಟಿಯೇ, ಬಾಕ್ಸ್‌ನ ಒಳಪುಟದಲ್ಲಿ ಡಿಬಿಯಲ್ಲಿ (ಡೆಸಿಬೆಲ್) ಸಿಗುವ ಎಸ್‌ಎನ್‌ಆರ್ ಸಂಖ್ಯೆ, ಅಂದರೆ ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಎಂಬುದು. ಶೇಕಡಾವಾರು ಮಾತ್ರ ತೋರಿಸುವ ಬಾಕ್ಸ್ ಆದರೆ ಅದನ್ನೇ ಬರೆದುಕೊಳ್ಳಿ. ಏರಿತೇ, ಇಳಿಯಿತೇ ಎಂದು ತಿಳಿದರೆ ಸಾಕು.

ಒಂದೇ ಚಾನೆಲ್ ನೋಡಿ ತೀರ್ಮಾನಿಸಬಾರದು. ಯೂನಿವರ್ಸಲ್ ಎಲ್‌ಎನ್‌ಬಿ ನಾಲ್ಕು ಬಗೆಯಲ್ಲಿ ಕೆಲಸ ಮಾಡುತ್ತದೆ: ಕೆಳಬ್ಯಾಂಡ್ (10.7ರಿಂದ 11.7 ಗಿಗಾಹರ್ಟ್ಸ್) ಮತ್ತು ಮೇಲ್‌ಬ್ಯಾಂಡ್ (11.7ರಿಂದ 12.75), ಎರಡರಲ್ಲೂ ವರ್ಟಿಕಲ್ ಮತ್ತು ಹಾರಿಜಾಂಟಲ್. ಪ್ರತಿಯೊಂದರಿಂದ ಒಂದೊಂದು ಟ್ರಾನ್ಸ್‌ಪಾಂಡರ್ (ಹಲವು ಚಾನೆಲ್‌ಗಳನ್ನು ಒಟ್ಟಿಗೆ ಹೊತ್ತು ತರುವ ಒಂದು ಫ್ರೀಕ್ವೆನ್ಸಿ) ಆರಿಸಿ, ಮೋಡವಿಲ್ಲದ ಹೊತ್ತಿನಲ್ಲಿ ತೆಗೆದ ಅಳತೆ:

ಕೆಳಬ್ಯಾಂಡ್ ವರ್ಟಿಕಲ್ 11.2
ಕೆಳಬ್ಯಾಂಡ್ ಹಾರಿಜಾಂಟಲ್ 9.8
ಮೇಲ್‌ಬ್ಯಾಂಡ್ ವರ್ಟಿಕಲ್ 9.4
ಮೇಲ್‌ಬ್ಯಾಂಡ್ ಹಾರಿಜಾಂಟಲ್ 7.6

ದೂರಿನ ಅರ್ಥ ಇಲ್ಲೇ ಸಿಕ್ಕಿತು. ಉಪಗ್ರಹ ಟಿ.ವಿ.ಯ ಡಿವಿಬಿ-ಎಸ್2 ಪದ್ಧತಿಯಲ್ಲಿ ಮಾಹಿತಿಯನ್ನು ಅಲೆಯಲ್ಲಿ ತುಂಬುವ ಬಗೆಗಳು ಹಲವು. ಅವುಗಳಲ್ಲಿ 8ಪಿಎಸ್‌ಕೆ 3/4 ಬಗೆಯ ಪ್ರಸಾರಕ್ಕೆ ಕನಿಷ್ಠ 7.9 ಡಿಬಿ ಬೇಕು, 8ಪಿಎಸ್‌ಕೆ 2/3ಕ್ಕೆ 6.6, ಕ್ಯೂಪಿಎಸ್‌ಕೆ 3/4ಕ್ಕೆ 4 ಸಾಕು. ಇಲ್ಲಿನ ಎಚ್‌ಡಿ ಟ್ರಾನ್ಸ್‌ಪಾಂಡರ್ 8ಪಿಎಸ್‌ಕೆ 3/4. ಸಿಗುತ್ತಿರುವುದು 7.6. ಹಾಗಾಗಿ ಬಿಸಿಲಿನಲ್ಲೂ ಚಿತ್ರ ಅಂಚಿನಲ್ಲೇ ನಿಂತಿದೆ, ಒಂದು ಹನಿ ಮಳೆಗೂ ಜಾಗವಿಲ್ಲ. ಎಸ್‌ಡಿ ಚಾನೆಲ್‌ಗಳು ಚೆನ್ನಾಗಿ ಬರುತ್ತಿವೆ ಅಂದ ಮಾತ್ರಕ್ಕೆ ಡಿಶ್ ಸರಿಯಿದೆ ಎಂದು ತಿಳಿಯಬಾರದು. ಅವಕ್ಕೆ ಬೇಕಾದದ್ದೇ ಕಡಿಮೆ.

ಡಿಜಿಟಲ್ ಪ್ರಸಾರ ನಿಧಾನವಾಗಿ ಮಸುಕಾಗುವುದಿಲ್ಲ. ಮಿತಿಗಿಂತ ಅರ್ಧ ಡಿಬಿ ಮೇಲಿದ್ದರೆ ಚಿತ್ರ ನಿಖರ, ಅರ್ಧ ಡಿಬಿ ಕೆಳಗಿದ್ದರೆ ಚಿತ್ರವೇ ಇಲ್ಲ. ಅದಕ್ಕೇ ನಾಲ್ಕು ಕಡೆ ಒಂದೊಂದು ಡಿಬಿ ಸೋರಿಹೋಗುತ್ತಿದ್ದರೂ ವರ್ಷಗಟ್ಟಲೆ ಗೊತ್ತಾಗುವುದಿಲ್ಲ. ಐದನೆಯದು ಸೇರಿದ ದಿನ ಎಲ್ಲ ಒಟ್ಟಿಗೇ ಕೆಟ್ಟಂತೆ ಕಾಣುತ್ತದೆ.

ಹಂತ 2: ಈ ಮೊದಲು ಮಾಡಿದ್ದ ಉಪಾಯಗಳು, ಫಲಿಸದೆ ಹೋದವು

ಮೊದಲನೆಯದು ಲೈನ್ ಆಂಪ್ಲಿಫೈಯರ್. ಬಾಕ್ಸ್ ಹಿಂದೆ ಸಿಕ್ಕಿಸಿದಾಗ ಸ್ಟ್ರೆಂಗ್ತ್ 85ರಿಂದ 97ಕ್ಕೆ ಏರಿತು, ಮೇಲ್‌ಬ್ಯಾಂಡ್ ಹಾರಿಜಾಂಟಲ್‌ನ ಕ್ವಾಲಿಟಿ 7.6ರಿಂದ 7.1ಕ್ಕೆ ಇಳಿಯಿತು. ಅದು ಸಿಗ್ನಲ್ ಜೊತೆಗೆ ಗದ್ದಲವನ್ನೂ ಅಷ್ಟೇ ಹಿಗ್ಗಿಸುತ್ತದೆ, ಮೇಲಿಂದ ತನ್ನದನ್ನೂ ಸೇರಿಸುತ್ತದೆ. ಕೇಬಲ್ ತುಂಬಾ ಉದ್ದವಿದ್ದಾಗ ಮಾತ್ರ ಅದರ ಉಪಯೋಗ. ಆಗಲೂ ಅದನ್ನು ಎಲ್‌ಎನ್‌ಬಿಯ ಹತ್ತಿರ ಹಾಕಬೇಕೇ ಹೊರತು ಬಾಕ್ಸ್ ಹತ್ತಿರ ಅಲ್ಲ.

ಎರಡನೆಯದು ಹೊಸ ಎಲ್‌ಎನ್‌ಬಿ. 0.1 ಡಿಬಿ ಎಂದು ದೊಡ್ಡದಾಗಿ ಮುದ್ರಿಸಿದ್ದನ್ನು ತಂದು ಹಾಕಿದಾಗ ವ್ಯತ್ಯಾಸ 0.2 ಡಿಬಿಯ ಒಳಗೇ ಉಳಿಯಿತು. ಎಲ್‌ಎನ್‌ಬಿ ನಿಜಕ್ಕೂ ಕೆಡುತ್ತದೆ, ಆದರೆ ಕೆಟ್ಟಾಗ ಅದರ ಗುರುತುಗಳೇ ಬೇರೆ: ಒಂದು ಬ್ಯಾಂಡ್ ಅಥವಾ ಒಂದು ಪೋಲರೈಸೇಶನ್ ಪೂರ್ತಿ ಹೋಗುವುದು, ಬಿಸಿಲೇರಿದಾಗ ಚಾನೆಲ್ ಹೋಗಿ ತಂಪಾದಾಗ ಮರಳುವುದು, ಕಡಿಮೆ ಸಿಂಬಲ್ ರೇಟಿನ (ಸೆಕೆಂಡಿಗೆ ಕಡಿಮೆ ಸಂಕೇತ ಕಳಿಸುವ) ಚಾನೆಲ್‌ಗಳು ಮಾತ್ರ ಹಿಡಿತ ತಪ್ಪುವುದು. ಕೊನೆಯದಕ್ಕೆ ಕಾರಣ ಒಳಗಿನ ಆಸಿಲೇಟರ್ (ಬಂದ ಫ್ರೀಕ್ವೆನ್ಸಿಯನ್ನು ಕೇಬಲ್ಲಿಗೆ ತಕ್ಕಂತೆ ಇಳಿಸಲು ಬೇಕಾದ ಭಾಗ) 9750 ಅಥವಾ 10600 ಮೆಗಾಹರ್ಟ್ಸ್‌ನಿಂದ ಸರಿದುಹೋಗಿರುವುದು. ಇಂಥ ಯಾವ ಗುರುತೂ ಇಲ್ಲದಿರುವಾಗ ಎಲ್‌ಎನ್‌ಬಿ ಬದಲಿಸುವುದರಿಂದ ಹಣ ಖರ್ಚಾಗುತ್ತದೆ, ದೂರು ಉಳಿಯುತ್ತದೆ. ಹಳೆಯದನ್ನೇ ವಾಪಸ್ ಹಾಕಿ ಮುಂದುವರಿದದ್ದು.

ಮೂರನೆಯದು, ಹೊರಗಿನ ಜೋಡಣೆಯ ಮೇಲೆ ಸಿಲಿಕಾನ್ ಮೆತ್ತಿದ್ದು. ಅದರ ಪರಿಣಾಮ ಹಂತ 4ರಲ್ಲಿದೆ.

ಹಂತ 3: ಮನೆಯೊಳಗೆ

ಮೊದಲು ಬಾಕ್ಸ್‌ನ ಸೆಟ್ಟಿಂಗ್. ಎಲ್‌ಎನ್‌ಬಿ ಬಗೆ ಯೂನಿವರ್ಸಲ್, ಎಲ್ಓ (ಆ ಆಸಿಲೇಟರಿನ ಫ್ರೀಕ್ವೆನ್ಸಿ) 9750/10600, 22 ಕಿಲೋಹರ್ಟ್ಸ್ ಆಟೋ, ಸ್ವಿಚ್ ಇದ್ದರೆ ಸರಿಯಾದ ಪೋರ್ಟ್ ನಂಬರು. ಇಲ್ಲಿ ಎಲ್ಲವೂ ಸರಿಯಿತ್ತು. ಆದರೂ ಇದನ್ನು ಮೊದಲು ನೋಡಲೇಬೇಕು, ಏಕೆಂದರೆ ಏಣಿ ಹತ್ತುವ ಮುಂಚೆಯೇ ಅರ್ಧದಷ್ಟು ಸಾಧ್ಯತೆಗಳನ್ನು ಬದಿಗಿಡಬಹುದು:

ಬಾಕ್ಸ್ ಇದೇ ಕೇಬಲ್ಲಿನಲ್ಲಿ 22 ಕಿಲೋಹರ್ಟ್ಸ್ ಟೋನ್ ಕಳಿಸಿ ಮೇಲ್‌ಬ್ಯಾಂಡನ್ನು, 18 ವೋಲ್ಟ್ ಕೊಟ್ಟು ಹಾರಿಜಾಂಟಲ್ಲನ್ನು ಆರಿಸುತ್ತದೆ. ಹಾಗಾಗಿ ಮೇಲ್‌ಬ್ಯಾಂಡ್ ಪೂರ್ತಿ ಇಲ್ಲದಿದ್ದರೆ 22 ಕಿಲೋಹರ್ಟ್ಸ್ ಟೋನ್ ಎಲ್‌ಎನ್‌ಬಿಗೆ ತಲುಪುತ್ತಿಲ್ಲ. ಹಾರಿಜಾಂಟಲ್ ಪೂರ್ತಿ ಇಲ್ಲದಿದ್ದರೆ 18 ವೋಲ್ಟ್ ತಲುಪುತ್ತಿಲ್ಲ. ಕೆಲವೇ ಚಾನೆಲ್ ಹೊಸದಾಗಿ ಕಾಣೆಯಾಗಿ ಉಳಿದವೆಲ್ಲ ಮೊದಲಿನಂತೇ ಇದ್ದರೆ ಅವು ಬೇರೆ ಫ್ರೀಕ್ವೆನ್ಸಿಗೆ ಹೋಗಿರಬಹುದು, ಮತ್ತೆ ಸ್ಕ್ಯಾನ್ ಮಾಡಿದರೆ ಬರುತ್ತವೆ. 11.63-11.65 ಅಥವಾ 12.48-12.50 ಗಿಗಾಹರ್ಟ್ಸ್ ಸುತ್ತಲಿನ ಚಾನೆಲ್ ಮಾತ್ರ ಆಗಾಗ ಒಡೆದರೆ, ಬಾಕ್ಸ್ ಪಕ್ಕದಲ್ಲಿ ಡೆಕ್ಟ್ ಬಗೆಯ ಕಾರ್ಡ್‌ಲೆಸ್ ಫೋನ್ ಇದೆಯೇ ನೋಡಿ. ಅದು 1880-1900 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ಎಲ್‌ಎನ್‌ಬಿ ಕೆಳಗೆ ಕಳಿಸುವ 950ರಿಂದ 2150 ಮೆಗಾಹರ್ಟ್ಸ್ ಪಟ್ಟಿಯೊಳಗೇ ಅದು ಬೀಳುತ್ತದೆ, ಸಡಿಲ ಕನೆಕ್ಟರಿನ ಮೂಲಕ ನುಗ್ಗುತ್ತದೆ. ಫೋನ್ ಸರಿಸಿದರೆ ತಾತ್ಕಾಲಿಕ ಪರಿಹಾರ, ಕನೆಕ್ಟರ್ ಸರಿಮಾಡಿದರೆ ಶಾಶ್ವತ.

ಮುಂದಿನದು ಗೋಡೆಯ ಸಾಕೆಟ್. ಬಿಚ್ಚಿದಾಗ ಒಳಗೆ ಸಿಕ್ಕಿದ್ದು ಹಳೆಯ ಆಂಟೆನಾ ಕಾಲದ ಸಾಕೆಟ್, 862 ಮೆಗಾಹರ್ಟ್ಸ್‌ವರೆಗೆ ಮಾತ್ರ ತಯಾರಾದದ್ದು. ಅದನ್ನು ತೆಗೆದು ಕೇಬಲ್ಲನ್ನು ನೇರವಾಗಿ ಬಾಕ್ಸ್‌ಗೆ ಸೇರಿಸಿದಾಗ ಮೇಲ್‌ಬ್ಯಾಂಡ್ ಹಾರಿಜಾಂಟಲ್ 7.6ರಿಂದ 8.2 ಆಯಿತು. ಕೆಳಬ್ಯಾಂಡಿನಲ್ಲಿ ಬದಲಾವಣೆ ಇಲ್ಲವೆನ್ನುವಷ್ಟು.

ಇದಾದ ಮೇಲೆ, ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಟ್ಟ ಪರೀಕ್ಷೆ: ಬಾಕ್ಸ್ ಮತ್ತು ಟಿ.ವಿ.ಯನ್ನು ಡಿಶ್ ಬಳಿಗೇ ಒಯ್ದು, 2 ಮೀಟರಿನ ಒಳ್ಳೆಯ ಕೇಬಲ್ಲಿನಿಂದ ಎಲ್‌ಎನ್‌ಬಿಗೆ ನೇರ ಜೋಡಿಸಿದ್ದು. ಅಳತೆ: ಕೆಳಬ್ಯಾಂಡ್ ವರ್ಟಿಕಲ್ 11.6, ಹಾರಿಜಾಂಟಲ್ 10.4, ಮೇಲ್‌ಬ್ಯಾಂಡ್ ವರ್ಟಿಕಲ್ 10.9, ಹಾರಿಜಾಂಟಲ್ 10.2.

ಇದರಿಂದ ಎರಡು ವಿಷಯ ಗೊತ್ತಾದವು. ಕೇಬಲ್ ದಾರಿಯಲ್ಲಿ ಮೇಲ್‌ಬ್ಯಾಂಡ್ ಹಾರಿಜಾಂಟಲ್ ಎರಡು ಡಿಬಿ ಕಳೆದುಕೊಳ್ಳುತ್ತಿದೆ. ಆದರೆ ಡಿಶ್ ಬುಡದಲ್ಲೂ 10 ಮಾತ್ರ ಇದೆ, ಅಂದರೆ ಡಿಶ್ ಕಡೆಯೂ ದೋಷವಿದೆ. ಒಂದೇ ಕಾರಣ ಹುಡುಕುತ್ತಾ ಹೋಗಿದ್ದರೆ ಮೊದಲನೆಯದು ಸಿಕ್ಕಿದ ಕೂಡಲೇ ಕೆಲಸ ನಿಲ್ಲುತ್ತಿತ್ತು.

ಹಂತ 4: ಕೇಬಲ್

ಆರ್‌ಜಿ-6 ಕೇಬಲ್ 100 ಮೀಟರಿಗೆ 1 ಗಿಗಾಹರ್ಟ್ಸ್‌ನಲ್ಲಿ 20 ಡಿಬಿ ಚಿಲ್ಲರೆ, 2150 ಮೆಗಾಹರ್ಟ್ಸ್ ಹತ್ತಿರ 30 ಡಿಬಿ ಚಿಲ್ಲರೆ ನುಂಗುತ್ತದೆ. 28 ಮೀಟರಿಗೆ ಮೇಲ್ತುದಿಯಲ್ಲಿ ಸುಮಾರು 9 ಡಿಬಿ. ಕೇಳಲು ದೊಡ್ಡದು. ಆದರೆ ಎಲ್‌ಎನ್‌ಬಿ ಮೊದಲೇ 50-60 ಡಿಬಿ ಹಿಗ್ಗಿಸಿ ಕಳಿಸಿರುವುದರಿಂದ ಕ್ವಾಲಿಟಿಯ ಮೇಲೆ ಅದರ ಪರಿಣಾಮ ಅಷ್ಟಕ್ಕಷ್ಟೆ. ಸರಿಯಾಗಿರುವ 28 ಮೀಟರ್ ಕೇಬಲ್ ಕ್ವಾಲಿಟಿಯನ್ನು ಎರಡು ಡಿಬಿ ಇಳಿಸುವುದಿಲ್ಲ. ಇಳಿಸುತ್ತಿದೆ ಎಂದರೆ ಉದ್ದ ಕಾರಣವಲ್ಲ. ನೀರು, ಕೆಟ್ಟ ಜೋಡಣೆ ಅಥವಾ ವೋಲ್ಟೇಜ್, ಈ ಮೂರರಲ್ಲಿ ಒಂದು ಇದ್ದೇ ಇದೆ.

ವೋಲ್ಟೇಜ್ ಅಳೆಯುವಾಗ ಎಲ್‌ಎನ್‌ಬಿ ಜೋಡಿಸಿಯೇ ಇರಬೇಕು. ತೆರೆದ ತುದಿಯಲ್ಲಿ ಎಷ್ಟೇ ಕೆಟ್ಟ ಕೇಬಲ್ಲೂ 18 ತೋರಿಸುತ್ತದೆ, ಏಕೆಂದರೆ ಅಲ್ಲಿ ಕರೆಂಟೇ ಹರಿಯುತ್ತಿರುವುದಿಲ್ಲ. ಟಿ ಆಕಾರದ ಜೋಡಣೆಯೊಂದನ್ನು ಎಲ್‌ಎನ್‌ಬಿ ಹತ್ತಿರ ಸೇರಿಸಿ ನಡುತಂತಿ ಮತ್ತು ಹೊರಜಾಲರಿಯ ನಡುವೆ ಅಳೆದಾಗ: ಬಾಕ್ಸ್ ಬಳಿ 18.2 ವೋಲ್ಟ್, ಎಲ್‌ಎನ್‌ಬಿ ಬಳಿ 16.1. ಕೇಬಲ್ ಅಲುಗಾಡಿಸಿದರೆ 15.0ಕ್ಕೆ ಬೀಳುತ್ತಿತ್ತು. ಹಾರಿಜಾಂಟಲ್‌ಗೆ ಎಲ್‌ಎನ್‌ಬಿ ಕೇಳುವುದು 16ರಿಂದ 19 ವೋಲ್ಟ್, ವರ್ಟಿಕಲ್‌ಗೆ 11.5ರಿಂದ 14. ಹದಿನೈದು ಎಂಬುದು ಎರಡರ ನಡುವಿನ ಯಾವ ಕಡೆಗೂ ಸೇರದ ಜಾಗ. ಗಾಳಿಗೆ ಚಾನೆಲ್ ಕಪ್ಪಾಗುತ್ತಿದ್ದುದರ ಗುಟ್ಟು ಇಲ್ಲಿತ್ತು. ಡಿಶ್ ಅಲ್ಲಾಡುತ್ತಿದೆ ಎಂದೇ ಎಲ್ಲರೂ ಮೊದಲು ಊಹಿಸುವುದು.

ಹೊರಗೋಡೆಯ ಜೋಡಣೆಯ ಮೇಲಿನ ಸಿಲಿಕಾನ್ ಕೆತ್ತಿ ತೆಗೆದಾಗ ಒಳಗೆ ನೀರು ನಿಂತಿತ್ತು. ನಡುತಂತಿ ಹಸಿರುಗಟ್ಟಿತ್ತು, ಅಲ್ಯುಮಿನಿಯಂ ಹಾಳೆ ಬಿಳಿ ಪುಡಿಯಾಗಿತ್ತು. ಹುಳಿವಾಸನೆ ಬರುವ ಸಿಲಿಕಾನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ತಾಮ್ರವನ್ನು ತಿನ್ನುತ್ತದೆ. ಜೊತೆಗೆ ಒದ್ದೆ ಜೋಡಣೆಯ ಮೇಲೆ ಮೆತ್ತಿದ್ದರಿಂದ ನೀರು ಹೊರಗೆ ಬರುವ ದಾರಿಯೂ ಮುಚ್ಚಿಹೋಗಿತ್ತು. ನೀರು ಒಮ್ಮೆ ಒಳಹೊಕ್ಕರೆ ಜಾಲರಿಯ ಎಳೆಗಳ ನಡುವೆ ಮೀಟರುಗಟ್ಟಲೆ ಸರಿಯುತ್ತದೆ. ತುದಿಯಿಂದ ಒಂದೂವರೆ ಮೀಟರ್ ಕತ್ತರಿಸಿ ನೋಡಿದರೂ ಜಾಲರಿ ಕಪ್ಪಾಗಿಯೇ ಇತ್ತು. ಕತ್ತರಿಸುವುದನ್ನು ಅಲ್ಲಿಗೇ ನಿಲ್ಲಿಸಿ ಇಡೀ ಕೇಬಲ್ಲನ್ನೇ ಬದಲಿಸುವ ತೀರ್ಮಾನ.

ಹೊಸ ಕೇಬಲ್ ಆರಿಸುವಾಗ ನಡುತಂತಿಯನ್ನು ಕೆರೆದು ನೋಡಬೇಕು. ತಾಮ್ರದ ಲೇಪವಿರುವ ಉಕ್ಕಾದರೆ ಒಳಗೆ ಬೆಳ್ಳಗೆ ಕಾಣುತ್ತದೆ, ಅಯಸ್ಕಾಂತ ಹಿಡಿಯುತ್ತದೆ. ಸಿಗ್ನಲ್ ತಂತಿಯ ಮೇಲ್ಪದರದಲ್ಲೇ ಹರಿಯುವುದರಿಂದ ಸಿಗ್ನಲ್‌ಗೆ ಎರಡೂ ಒಂದೇ. ಆದರೆ ಎಲ್‌ಎನ್‌ಬಿಗೆ ಹೋಗುವ ವಿದ್ಯುತ್ತಿಗೆ ಅಲ್ಲ: 1.02 ಮಿ.ಮೀ. ಶುದ್ಧ ತಾಮ್ರದ ತಂತಿಗೆ 100 ಮೀಟರಿಗೆ ಸುಮಾರು 2 ಓಮ್ ಆದರೆ ಉಕ್ಕಿನದಕ್ಕೆ 9-10 ಓಮ್. ಗಿಡ್ಡ ಕೇಬಲ್ಲಿಗೆ ಚಿಂತೆಯಿಲ್ಲ. 25 ಮೀಟರ್ ದಾಟಿದರೆ ಅಥವಾ ನಡುವೆ ಸ್ವಿಚ್ ಇದ್ದರೆ ಶುದ್ಧ ತಾಮ್ರವೇ ಸರಿ.

ಕನೆಕ್ಟರ್ ಹಾಕಿದ ಕ್ರಮ: ಹೊರಕವಚವನ್ನು ಸುಮಾರು 14 ಮಿ.ಮೀ. ಸುಲಿದು, ಜಾಲರಿಯನ್ನು ಹಿಂದಕ್ಕೆ ಮಡಚಿ, ಬಿಳಿ ಫೋಮನ್ನು ತುದಿಯಿಂದ 7 ಮಿ.ಮೀ. ತೆಗೆಯುವುದು. ಕನೆಕ್ಟರನ್ನು ತಳ್ಳಿದಾಗ ಫೋಮ್ ಒಳಗಿನ ತಟ್ಟೆಯ ಮಟ್ಟಕ್ಕೆ ಬಂದು ನಿಲ್ಲಬೇಕು, ನಡುತಂತಿ ಕನೆಕ್ಟರಿನ ಬಾಯಿಂದ 2-3 ಮಿ.ಮೀ. ಹೊರಗೆ ಇರಬೇಕು. ಜಾಲರಿಯ ಒಂದೇ ಒಂದು ಎಳೆ ನಡುತಂತಿಗೆ ತಾಗಿದರೂ ಶಾರ್ಟ್. ಜೋಡಿಸುವ ಮೊದಲು ಎರಡೂ ತುದಿ ಬಿಟ್ಟು ಮಲ್ಟಿಮೀಟರ್ ಇಟ್ಟರೆ ಓಪನ್ ತೋರಿಸಬೇಕು. ಬಾಕ್ಸ್‌ನ ಪ್ಲಗ್ ಕಿತ್ತೇ ಈ ಕೆಲಸ ಮಾಡಬೇಕು, ಬರಿ ರಿಮೋಟಿನಿಂದ ಆಫ್ ಮಾಡಿದರೆ ಕೆಲವು ಬಾಕ್ಸ್‌ಗಳಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ. ತಿರುಗಿಸಿ ಹಾಕುವ ಕನೆಕ್ಟರ್ ಒಳಗಡೆಗೆ ನಡೆದೀತು, ಹೊರಗೆ ಬೇಡ. ಕಂಪ್ರೆಶನ್ ಬಗೆಯದೇ ನೀರಿಗೆ ತಡೆ.

ಹೊಸ ಕೇಬಲ್ಲನ್ನು ನಡುವೆ ಜೋಡಣೆಯಿಲ್ಲದೆ ಒಂದೇ ಎಳೆಯಾಗಿ ಎಳೆದದ್ದು. ಮೂಲೆಗಳಲ್ಲಿ 7 ಸೆಂ.ಮೀ.ಗಿಂತ ಕಡಿಮೆ ಬಾಗು ಕೊಟ್ಟಿಲ್ಲ, ಕ್ಲಿಪ್ಪುಗಳನ್ನು ಕೇಬಲ್ ಚಪ್ಪಟೆಯಾಗುವಷ್ಟು ಹೊಡೆದಿಲ್ಲ. ಎಲ್‌ಎನ್‌ಬಿ ಬಳಿ ವೋಲ್ಟೇಜ್ 17.9, ಅಲುಗಾಡಿಸಿದರೂ 17.9. ಬಾಕ್ಸ್ ತನ್ನ ಜಾಗದಲ್ಲೇ ಇದ್ದು ತೆಗೆದ ಅಳತೆ: 11.5, 10.3, 10.8, 10.1. ಡಿಶ್ ಬುಡದಲ್ಲಿ ಬಂದಿದ್ದ ಸಂಖ್ಯೆಗಳಿಗೆ ಬಹುತೇಕ ಸಮ. ಕೇಬಲ್ಲಿನ ಲೆಕ್ಕ ಮುಗಿಯಿತು.

ಹಂತ 5: ಕಂಬ, ಅಡ್ಡ ಬರುವುದು

ರಸಮಟ್ಟ ಇಟ್ಟರೆ ಕಂಬ ಒಂದು ಬದಿಗೆ ಸುಮಾರು 2 ಡಿಗ್ರಿ ವಾಲಿತ್ತು. ಒಂದೇ ಉಪಗ್ರಹ ಹಿಡಿಯುವ ಡಿಶ್‌ಗೆ ಇದು ಸಿಗ್ನಲ್ ಕಡಿಮೆ ಮಾಡುವುದಿಲ್ಲ, ಗುರಿ ಸರಿಯಿದ್ದರಾಯಿತು. ತೊಂದರೆ ಬರುವುದು ಹೊಂದಿಸುವಾಗ. ವಾಲಿದ ಕಂಬದ ಮೇಲೆ ಡಿಶ್ಶನ್ನು ಎಡಬಲ ತಿರುಗಿಸಿದರೆ ಎತ್ತರದ ಕೋನವೂ ಜೊತೆಗೇ ಬದಲಾಗುತ್ತದೆ, ಎರಡನ್ನೂ ಬೇರೆ ಬೇರೆಯಾಗಿ ಹಿಡಿಯಲಾಗುವುದಿಲ್ಲ. ಎರಡು ದಿಕ್ಕಿನಿಂದಲೂ ನೇರವಾಗುವಂತೆ ಬುಡದ ಬೋಲ್ಟ್ ಅಡಿ ವಾಷರ್ ಕೊಟ್ಟು ಬಿಗಿ ಮಾಡಿದ್ದಾಯಿತು. ಕಂಬ ಅಲುಗಾಡುವುದು ಮಾತ್ರ ನಿಜವಾದ ದೋಷ, ಅದನ್ನು ಬಿಡಲೇಬಾರದು.

ಮರ ಅಡ್ಡವಿದೆಯೇ ಎಂದು ಕಣ್ಣಂದಾಜಿನಲ್ಲಿ ಹೇಳುವುದು ಕಷ್ಟ. ಆಫ್‌ಸೆಟ್ ಡಿಶ್ ಕಾಣುವುದಕ್ಕಿಂತ 22-26 ಡಿಗ್ರಿ ಮೇಲಕ್ಕೆ ನೋಡುತ್ತಿರುತ್ತದೆ. ಲೆಕ್ಕ ಹೀಗೆ: ಉಪಗ್ರಹದ ಎತ್ತರದ ಕೋನ 45 ಡಿಗ್ರಿಯಾದರೆ, 10 ಮೀಟರ್ ದೂರದ ಮರ ಡಿಶ್‌ಗಿಂತ 10 ಮೀಟರ್ ಎತ್ತರ ದಾಟಬಾರದು. 30 ಡಿಗ್ರಿಯಾದರೆ 5.8 ಮೀಟರ್, 60 ಡಿಗ್ರಿಯಾದರೆ 17.3 ಮೀಟರ್. ಇನ್ನೂ ಖಚಿತ ದಾರಿಯೊಂದಿದೆ. ಮಾರ್ಚ್ ಮತ್ತು ಸೆಪ್ಟೆಂಬರಿನ ಸಮರಾತ್ರಿಯ ಆಸುಪಾಸಿನ ಕೆಲವು ದಿನ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬಂದು, ದಿನಕ್ಕೆ ಕೆಲವು ನಿಮಿಷ ಸಿಗ್ನಲ್ ಹೋಗುತ್ತದೆ. ಅದು ದೋಷವಲ್ಲ, ತಾನಾಗಿ ಸರಿಹೋಗುತ್ತದೆ. ಆದರೆ ಆ ನಿಮಿಷಗಳಲ್ಲಿ ಡಿಶ್ ಮೇಲೆ ಕೊಂಬೆಯ ನೆರಳು ಬಿದ್ದರೆ ಆ ಕೊಂಬೆಯೇ ಅಡ್ಡ ಎಂದರ್ಥ. ಇಲ್ಲಿ ಲೆಕ್ಕದ ಪ್ರಕಾರ ದಾರಿ ತೆರವಾಗಿತ್ತು.

ಹಂತ 6: ಡಿಶ್ ಸೊಟ್ಟಾಗಿರುವುದು

ಹೊರನೋಟಕ್ಕೆ ಡಿಶ್ ಚೆನ್ನಾಗಿತ್ತು, ಒಂದು ಕಡೆ ಬಣ್ಣ ಮಾತ್ರ ತರಚಿತ್ತು. ಅಂಚಿನಿಂದ ಅಂಚಿಗೆ ಎರಡು ದಾರಗಳನ್ನು ಅಡ್ಡಲಾಗಿ ಬಿಗಿದು ಕಟ್ಟಿದಾಗ, ನಡುವೆ ಅವು ಒಂದಕ್ಕೊಂದು ಸವರಬೇಕಿತ್ತು. 5 ಮಿ.ಮೀ. ಅಂತರ ಕಂಡಿತು. ಅಂತರ ಕಾಣದಿದ್ದರೆ ದಾರಗಳನ್ನು ಮೇಲೆ ಕೆಳಗೆ ಅದಲುಬದಲು ಮಾಡಿಯೂ ನೋಡಬೇಕು, ಸೊಟ್ಟು ಒಂದು ದಿಕ್ಕಿನದಾದರೆ ದಾರಗಳು ಒಂದನ್ನೊಂದು ಒತ್ತಿಕೊಂಡು ಅಂತರವನ್ನೇ ಮುಚ್ಚಿಹಾಕುತ್ತವೆ. ಏಣಿ ಒರಗಿಸಿದರೆ ಅಥವಾ ಬಿಚ್ಚಿ ಸಾಗಿಸುವಾಗ ಒಂದು ಅಂಚಿನ ಮೇಲೆ ಭಾರ ಬಿದ್ದರೆ ಹೀಗಾಗುತ್ತದೆ.

ಐದು ಮಿ.ಮೀ. ಅಲ್ಪವೆನಿಸುತ್ತದೆ. ಆದರೆ 12 ಗಿಗಾಹರ್ಟ್ಸ್‌ನಲ್ಲಿ ಅಲೆಯ ಉದ್ದವೇ 25 ಮಿ.ಮೀ. ಮೇಲ್ಮೈಯ ಏರುಪೇರು ಸರಾಸರಿ 1 ಮಿ.ಮೀ. ಆದರೆ ಸುಮಾರು 1.1 ಡಿಬಿ ಹೋಗುತ್ತದೆ, 2 ಮಿ.ಮೀ. ಆದರೆ 4.4 ಡಿಬಿ. ಡಿಶ್ಶನ್ನು ಬಿಚ್ಚಿ, ಸಮತಟ್ಟಾದ ನೆಲದ ಮೇಲೆ ಅಂಚು ಕೆಳಗಾಗಿಸಿ, ಎದ್ದ ಮೂಲೆಗಳನ್ನು ಕೈಯಿಂದ ಸ್ವಲ್ಪ ಸ್ವಲ್ಪವೇ ಒತ್ತಿ ಸರಿಪಡಿಸಿದ್ದು. ಸುತ್ತಿಗೆ ಮುಟ್ಟಲೇಬಾರದು. ಹೊಡೆದ ಕಡೆ ಹಳ್ಳ ಬೀಳುತ್ತದೆ, ಸುತ್ತಲಿನ ತಗಡು ಉಬ್ಬುತ್ತದೆ, ಆ ಡಿಶ್ ಮತ್ತೆ ಸರಿಯಾಗದು. ಅಂತರ 1 ಮಿ.ಮೀ.ಗೆ ಬಂದಾಗ ಸಾಕುಮಾಡಿ ಮೇಲೇರಿಸಿದ್ದು. ಹಳೆಯ ಗುರುತಿಗೇ ಕೂರಿಸಿ ತೆಗೆದ ಅಳತೆ: ಕೆಳಬ್ಯಾಂಡ್ ವರ್ಟಿಕಲ್ 12.3, ಮೇಲ್‌ಬ್ಯಾಂಡ್ ಹಾರಿಜಾಂಟಲ್ 11.1.

ತುಕ್ಕಿನ ಬಗ್ಗೆ ಒಂದು ಮಾತು. ಮೇಲಿನ ತುಕ್ಕು ಸಿಗ್ನಲ್ ಕೆಡಿಸುವುದಕ್ಕಿಂತ ತಗಡನ್ನು ಬಲಹೀನ ಮಾಡುತ್ತದೆ. ಬಣ್ಣ ಬಳಿಯುವುದಾದರೆ ತೆಳ್ಳಗೆ, ಲೋಹದ ಪುಡಿಯಿಲ್ಲದ, ಹೊಳಪಿಲ್ಲದ ಬಣ್ಣವನ್ನೇ ಬಳಿಯಬೇಕು. ಹೊಳೆಯುವ ಬಣ್ಣ ಬಿಸಿಲನ್ನೂ ಒಟ್ಟುಗೂಡಿಸಿ ಎಲ್‌ಎನ್‌ಬಿಯ ಮೇಲೆ ಸುರಿಯುತ್ತದೆ.

ಹಂತ 7: ಗುರಿ ಹಿಡಿಯುವುದು

60 ಸೆಂ.ಮೀ. ಡಿಶ್‌ನ ಕಿರಣದ ಅಗಲ ಸುಮಾರು 2.9 ಡಿಗ್ರಿ. ಗುರಿ ಅರ್ಧ ಡಿಗ್ರಿ ತಪ್ಪಿದರೆ 0.4 ಡಿಬಿ, ಒಂದು ಡಿಗ್ರಿ ತಪ್ಪಿದರೆ 1.4 ಡಿಬಿ ನಷ್ಟ. 60 ಮಿ.ಮೀ. ಕಂಬದ ಮೇಲೆ ಒಂದು ಡಿಗ್ರಿ ಅಂದರೆ ಅರ್ಧ ಮಿಲಿಮೀಟರ್. ಡಿಶ್ ಅಂಚಿನಲ್ಲಿ 5 ಮಿ.ಮೀ. ಹಾಗಾಗಿ ಕಂಬ ನೋಡಿಕೊಂಡು ತಿರುಗಿಸಬಾರದು, ಅಂಚನ್ನು ನೋಡಿಕೊಂಡು ತಿರುಗಿಸಬೇಕು.

ಕ್ಲಾಂಪ್ ಬೋಲ್ಟುಗಳನ್ನು ಡಿಶ್ ತಾನಾಗಿ ಜಾರದಷ್ಟು, ಕೈ ಒತ್ತಿದರೆ ಮಾತ್ರ ತಿರುಗುವಷ್ಟು ಸಡಿಲಿಸಿ, ಕಂಬದ ಮೇಲೆ ಮಾರ್ಕರಿನಿಂದ ಹಳೆಯ ಸ್ಥಾನ ಗುರುತು ಹಾಕಿದ್ದು. ಕೆಲಸಕ್ಕೆ ಆರಿಸಿದ್ದು ಅತಿ ದುರ್ಬಲವಾದ ಮೇಲ್‌ಬ್ಯಾಂಡ್ ಹಾರಿಜಾಂಟಲ್ ಟ್ರಾನ್ಸ್‌ಪಾಂಡರನ್ನೇ. ಒಂದು ಕಡೆಗೆ ತಿರುಗಿಸುತ್ತಾ ಕ್ವಾಲಿಟಿ 9ಕ್ಕೆ ಇಳಿದಲ್ಲಿ ಗುರುತು, ಇನ್ನೊಂದು ಕಡೆಗೆ ತಿರುಗಿಸುತ್ತಾ ಮತ್ತೆ 9ಕ್ಕೆ ಇಳಿದಲ್ಲಿ ಗುರುತು, ಎರಡರ ನಟ್ಟನಡುವೆ ನಿಲ್ಲಿಸುವುದು. ಶಿಖರದಲ್ಲಿ ಸಂಖ್ಯೆ ಹೆಚ್ಚು ಅಲುಗದ ಕಾರಣ ನೇರವಾಗಿ ಶಿಖರ ಹುಡುಕಿದರೆ ಅರ್ಧ ಡಿಗ್ರಿ ತಪ್ಪುವುದು ಸುಲಭ. ಪ್ರತಿ ಸಲ ಸರಿಸಿದ ಮೇಲೆ ಎರಡು ಮೂರು ಸೆಕೆಂಡು ಕಾಯಬೇಕು, ಬಾಕ್ಸ್‌ನ ಸಂಖ್ಯೆ ತಡವಾಗಿ ಬದಲಾಗುತ್ತದೆ. ಕ್ವಾಲಿಟಿ 100ಕ್ಕೇ ಅಂಟಿಕೊಂಡಿರುವ ಬಾಕ್ಸ್ ಆದರೆ ಡಿಶ್‌ನ ಒಂದು ಭಾಗಕ್ಕೆ ಒದ್ದೆ ಬಟ್ಟೆ ಹೊದಿಸಿ ಬೇಕೆಂದೇ ಇಳಿಸಿಕೊಳ್ಳಿ, ಆಮೇಲೆ ಹೊಂದಿಸಿ. ಎತ್ತರದ ಕೋನಕ್ಕೂ ಇದೇ ವಿಧಾನ. ನಂತರ ಮತ್ತೊಮ್ಮೆ ಎಡಬಲ.

ಬಿಗಿ ಮಾಡುವಾಗ ಸಿಗ್ನಲ್ ಜಾರುವುದು ಎಲ್ಲರನ್ನೂ ಕಾಡುವ ಸಂಗತಿ. ಒಂದು ಬೋಲ್ಟನ್ನೇ ಪೂರ್ತಿ ಬಿಗಿದರೆ ಕ್ಲಾಂಪ್ ಆ ಕಡೆಗೆ ಎಳೆಯುತ್ತದೆ. ಎದುರುಬದುರು ಬೋಲ್ಟುಗಳನ್ನು ಕಾಲು ಸುತ್ತು, ಕಾಲು ಸುತ್ತು ಬಿಗಿಯುತ್ತಾ ಸಂಖ್ಯೆಯನ್ನು ನೋಡುತ್ತಿರಬೇಕು. ಎತ್ತರದ ಬೋಲ್ಟುಗಳನ್ನು ಬಿಗಿದಾಗ 12.3ರಿಂದ 11.8ಕ್ಕೆ ಇಳಿದದ್ದರಿಂದ, ಮತ್ತೆ ಸಡಿಲಿಸಿ ಕೂದಲೆಳೆಯಷ್ಟು ಮೇಲಕ್ಕೆ ಇಟ್ಟು ಬಿಗಿದದ್ದು. ಬಿಗಿದ ಮೇಲೆ 12.3 ನಿಂತಿತು.

ಹಂತ 8: ಎಲ್‌ಎನ್‌ಬಿಯ ತಿರುವು

ಲೀನಿಯರ್ ಪೋಲರೈಸೇಶನ್ ಇರುವಲ್ಲಿ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯೊಳಗೆ ತಿರುಗಿಸಿ ಕೋನ ಹೊಂದಿಸಬೇಕು. ಅಲೆ ಸುತ್ತುತ್ತಾ ಬರುವ ಸರ್ಕ್ಯುಲರ್ ಬಗೆಯಾದರೆ ಇದರ ಅಗತ್ಯವಿಲ್ಲ. ಕೋನ ತಪ್ಪಿದಾಗ ಸಿಗ್ನಲ್ ಕಡಿಮೆಯಾಗುವುದು ಅತ್ಯಲ್ಪ, ಎದುರು ಪೋಲರೈಸೇಶನ್ನಿನ ಚಾನೆಲ್ ಒಳನುಗ್ಗುವುದೇ ತೊಂದರೆ. 8 ಡಿಗ್ರಿ ತಪ್ಪಿದರೆ ಅದು ಕೇವಲ 17 ಡಿಬಿ ಕೆಳಗಿರುತ್ತದೆ, 13 ಬರಬೇಕಾದ ಕ್ವಾಲಿಟಿ 11.6ಕ್ಕೆ ಬೀಳುತ್ತದೆ. 3 ಡಿಗ್ರಿಯೊಳಗಿದ್ದರೆ 25 ಡಿಬಿ ಕೆಳಗೆ, ಹೆಚ್ಚು ಕೆಡುಕಿಲ್ಲ. ಸ್ಟ್ರೆಂಗ್ತ್ ಮೀಟರಿನಲ್ಲಿ ಇದು ಕಾಣುವುದೇ ಇಲ್ಲ. ಸಾಮಾನ್ಯವಾಗಿ ಜನ ಬಿಟ್ಟುಬಿಡುವ ಹಂತವೂ ಇದೇ.

ಇಲ್ಲೂ ಅದೇ ನಡುಬಿಂದುವಿನ ವಿಧಾನ. ಎರಡೂ ಪೋಲರೈಸೇಶನ್‌ಗಳಲ್ಲಿ ನೋಡಿ, ಹಳೆಯ ಗುರುತಿನಿಂದ ಸುಮಾರು 6 ಡಿಗ್ರಿ ತಿರುಗಿಸಿದ ಮೇಲೆ ನಿಂತ ಅಳತೆ 13.2. ಮುಂದೆ ಹಿಂದೆ ಕೆಲವು ಮಿ.ಮೀ. ಸರಿಸಿದ್ದರಿಂದ ಏನೂ ಸಿಗಲಿಲ್ಲ, ಮೊದಲಿನ ಜಾಗದಲ್ಲೇ ಬಿಟ್ಟಿದ್ದು. ಎಲ್‌ಎನ್‌ಬಿಯ ಮುಖದ ಪ್ಲಾಸ್ಟಿಕ್ ಮುಚ್ಚಳವನ್ನು ಒರೆಸಿ ಬೆಳಕಿಗೆ ಹಿಡಿದು ನೋಡಿ. ಬಿರುಕು ಬಿಟ್ಟಿದ್ದರೆ ಒಳಗೆ ನೀರು ಸೇರುತ್ತದೆ, ಜೇಡ, ಕಣಜಗಳೂ ಮನೆ ಮಾಡುತ್ತವೆ. ಬಿರುಕಿಗೆ ಟೇಪು ಸುತ್ತುವುದು ಒಂದು ಮಳೆಗಾಲಕ್ಕೂ ಬಾರದು, ಎಲ್‌ಎನ್‌ಬಿ ಬದಲಿಸಬೇಕಾದ ಸಂದರ್ಭ ಅದು.

ಹಂತ 9: ನೀರಿನಿಂದ ಕಾಪು

ಎಲ್‌ಎನ್‌ಬಿ ಬಳಿಯ ಕನೆಕ್ಟರನ್ನು ಕೈಯಿಂದ ಪೂರ್ತಿ ತಿರುಗಿಸಿ, ಸ್ಪ್ಯಾನರಿನಿಂದ ಇನ್ನು ಕಾಲು ಸುತ್ತು ಸಾಕು. ರಬ್ಬರ್ ಟೇಪನ್ನು ಎರಡು ಪಟ್ಟು ಉದ್ದವಾಗುವಷ್ಟು ಎಳೆದು, ಅರ್ಧದ ಮೇಲೆ ಅರ್ಧ ಬರುವಂತೆ ಕೆಳಗಿನಿಂದ ಮೇಲಕ್ಕೆ ಸುತ್ತಬೇಕು. ಆಗ ಪದರಗಳು ಹೆಂಚಿನ ಸಾಲಿನಂತೆ ನೀರನ್ನು ಹೊರಗೆ ಜಾರಿಸುತ್ತವೆ. ಎಳೆಯದೆ ಸುತ್ತಿದ ಟೇಪು ಅಂಟಿಕೊಳ್ಳುವುದೇ ಇಲ್ಲ. ಬಿಸಿಲಿನಿಂದ ಕಾಪಾಡಲು ಅದರ ಮೇಲೆ ಮಾಮೂಲಿ ಕಪ್ಪು ಟೇಪಿನ ಒಂದು ಸುತ್ತು. ಕೇಬಲ್ ಮನೆಯೊಳಗೆ ನುಗ್ಗುವ ಮುನ್ನ ಕೆಳಕ್ಕೆ ಇಳಿಬಿದ್ದ ಒಂದು ಬಳಸು ಇರಲಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಗೋಡೆಯ ತೂತು ಒಳಗಿನಿಂದ ಹೊರಕ್ಕೆ ಇಳಿಜಾರಾಗಿ ಇರಬೇಕು.

ಕಂಬವನ್ನು ದಪ್ಪ ತಂತಿಯಿಂದ ಮನೆಯ ಅರ್ಥಿಂಗಿಗೆ ಸೇರಿಸಿದ್ದೂ ಇದೇ ಹಂತದಲ್ಲಿ. ಗುಡುಗು ಸಿಡಿಲಿನ ಹೊತ್ತಿನಲ್ಲಿ ಅಷ್ಟೇ ನಂಬಿ ಕೂರಬಾರದು, ಗುಡುಗು ದೂರದಲ್ಲಿರುವಾಗಲೇ ಬಾಕ್ಸ್‌ನ ಪ್ಲಗ್ ಮತ್ತು ಕೇಬಲ್ ಎರಡನ್ನೂ ತೆಗೆದಿಡುವುದೇ ಕ್ಷೇಮ. ಡಿಶ್ ಕೆಲಸಕ್ಕೆ ಮೇಲೇರುವಾಗ ಹತ್ತಿರದಲ್ಲಿ ವಿದ್ಯುತ್ ತಂತಿ ಹಾದುಹೋಗಿದ್ದರೆ, ಕಂಬ ಜಾರಿ ಬಿದ್ದರೂ ಅದಕ್ಕೆ ತಾಗದಷ್ಟು ದೂರ ಇದೆಯೇ ಎಂದು ನೋಡಿಯೇ ಬೋಲ್ಟ್ ಸಡಿಲಿಸಬೇಕು. ದೂರವಿಲ್ಲದಿದ್ದರೆ ಆ ಕೆಲಸ ಸ್ವಂತಕ್ಕೆ ಬೇಡ.

ಹಂತ 10: ಕೊನೆಯ ಅಳತೆ

ಕೆಳಬ್ಯಾಂಡ್ ವರ್ಟಿಕಲ್ 11.2ರಿಂದ 13.9
ಕೆಳಬ್ಯಾಂಡ್ ಹಾರಿಜಾಂಟಲ್ 9.8ರಿಂದ 13.6
ಮೇಲ್‌ಬ್ಯಾಂಡ್ ವರ್ಟಿಕಲ್ 9.4ರಿಂದ 13.5
ಮೇಲ್‌ಬ್ಯಾಂಡ್ ಹಾರಿಜಾಂಟಲ್ 7.6ರಿಂದ 13.2

ಸ್ಟ್ರೆಂಗ್ತ್ ಈಗ 88. ಮೊದಲಿಗಿಂತ ಮೂರು ಅಂಕ ಮಾತ್ರ ಹೆಚ್ಚು. ಎಚ್‌ಡಿ ಟ್ರಾನ್ಸ್‌ಪಾಂಡರಿನ ಏರಿಕೆ 5.6 ಡಿಬಿ, ಅದರಲ್ಲಿ ಸಾಕೆಟ್ ಮತ್ತು ಕೇಬಲ್ಲಿನದು 2.5, ಸೊಟ್ಟು ತೆಗೆದದ್ದು 1.0, ಗುರಿ 1.2, ತಿರುವು 0.9. ಮಿತಿಗಿಂತ 5.3 ಡಿಬಿ ಮೇಲಿರುವುದರಿಂದ ಸಾಧಾರಣ ಮಳೆಗೆ ಚಿತ್ರ ನಿಲ್ಲುತ್ತದೆ. ಮೊದಲ ಸಾಧಾರಣ ಮಳೆಯಲ್ಲಿ ಇದೇ ಟ್ರಾನ್ಸ್‌ಪಾಂಡರ್ 10.4ರವರೆಗೆ ಇಳಿದು ಮತ್ತೆ ಏರಿತು, ಚಿತ್ರ ಒಡೆಯಲಿಲ್ಲ. ಕಪ್ಪು ಮೋಡ ಕವಿದು ಜಡಿಮಳೆ ಹೊಡೆದಾಗ 60 ಸೆಂ.ಮೀ. ಡಿಶ್ ಕೈಬಿಡುವುದು ಸಹಜ, ಅದಕ್ಕೆ ಹೊಂದಾಣಿಕೆಯಿಂದ ಪರಿಹಾರವಿಲ್ಲ.

ಅದೂ ಬೇಡವೆಂದಾದರೆ ದೊಡ್ಡ ಡಿಶ್ ಒಂದೇ ದಾರಿ: 75 ಸೆಂ.ಮೀ.ಗೆ 1.9 ಡಿಬಿ, 90 ಸೆಂ.ಮೀ.ಗೆ 3.5 ಡಿಬಿ ಹೆಚ್ಚು ಸಿಗುತ್ತದೆ. ಆದರೆ 90ರ ಕಿರಣ 2 ಡಿಗ್ರಿಗಿಂತ ಕಿರಿದು, ಅಲ್ಲಿ ಒಂದು ಡಿಗ್ರಿ ತಪ್ಪಿದರೆ 3 ಡಿಬಿಯೇ ಹೋಗುತ್ತದೆ. ಗಾಳಿ ಹಿಡಿಯುವ ವಿಸ್ತಾರವೂ ಎರಡೂಕಾಲು ಪಟ್ಟು. ಈಗಿನ ಕಂಬಕ್ಕೆ ಅದನ್ನು ಏರಿಸುವಂತಿಲ್ಲ, ಕಂಬ ಮತ್ತು ಬುಡದ ಬೋಲ್ಟುಗಳನ್ನು ಮೊದಲು ದಪ್ಪ ಮಾಡಬೇಕು.

ಬಾಕಿ ಇರುವುದು ಗೋಡೆಯ ಸಾಕೆಟ್ ಒಂದೇ. 2150 ಮೆಗಾಹರ್ಟ್ಸ್‌ವರೆಗೆ ನಡೆಯುವ, ವಿದ್ಯುತ್ತನ್ನೂ ದಾಟಿಸುವ ಎಫ್ ಬಗೆಯದನ್ನು ಹಾಕಬೇಕು. ಅದು ಸಿಗುವವರೆಗೆ ಕೇಬಲ್ ಗೋಡೆಯ ತೂತಿನಿಂದ ನೇರವಾಗಿ ಬಾಕ್ಸ್‌ಗೇ ಹೋಗುತ್ತಿದೆ.